ರಿಯೂನಿಯನ್ ದ್ವೀಪದ ಸುಪ್ತ ಜ್ವಾಲಾಮುಖಿ: ಬೆಂಕಿ ಇಳಿದ ಮೇಲೆ ಮಳೆ ಕಡೆದ ಬೆಟ್ಟ

ಪ್ರಶ್ನೆ: ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿರುವ ಪಿಟೋನ್ ದೆ ನೇಜ್ ಎಂಬ ಸುಪ್ತ ಜ್ವಾಲಾಮುಖಿಯಿಂದಲೇ ನಮ್ಮ ಉತ್ತರ ಕರ್ನಾಟಕದ ಕರಿಕಲ್ಲೂ ಎರೆಮಣ್ಣೂ ಹುಟ್ಟಿದವು ಎಂದು ಓದಿದೆ. ಇದು ನಿಜವೇ? ಅದೇ ದ್ವೀಪದ ಇನ್ನೊಂದು ಜ್ವಾಲಾಮುಖಿ ಪದೇ ಪದೇ ಉಕ್ಕುತ್ತಿರುವಾಗ ಇದೊಂದು ಏಕೆ ಸುಮ್ಮನಿದೆ? ಮುಂದೆಂದಾದರೂ ಸಿಡಿಯುವುದೇ? ಅಂಥ ಬೆಟ್ಟದ ಮೇಲೆ ಕಾಡು, ಪ್ರಾಣಿ, ಪಕ್ಷಿಗಳು ಇರಲು ಸಾಧ್ಯವೇ? ಪ್ರೌಢಶಾಲೆಯ ಮಕ್ಕಳಿಗೆ ಹೇಳಬೇಕಾಗಿರುವುದರಿಂದ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. — ನವಲಗುಂದದ ಒಬ್ಬ ಶಿಕ್ಷಕರು

ಉತ್ತರ: ತಾವು ಓದಿದ್ದರಲ್ಲಿ ಒಂದು ಭಾಗ ಸರಿಯಾಗಿದೆ, ಒಂದು ಭಾಗ ತಪ್ಪಾಗಿದೆ. ಪಿಟೋನ್ ದೆ ನೇಜ್ ಎಂಬ ಬೆಟ್ಟಕ್ಕೂ ನಮ್ಮ ಕರಿಕಲ್ಲಿಗೂ ತಾಯಿ ಮಕ್ಕಳ ಸಂಬಂಧವಿಲ್ಲ. ಇಬ್ಬರಿಗೂ ಒಬ್ಬಳೇ ತಾಯಿ ಎನ್ನುವುದು ಸರಿ. ಈ ಬೆಟ್ಟದಲ್ಲಿ ಇಂದು ಕಣ್ಣಿಗೆ ಬೀಳುವ ಅತ್ಯಂತ ಹಳೆಯ ಲಾವಾಶಿಲೆಗೆ ಸುಮಾರು 21 ಲಕ್ಷ ವರ್ಷ ವಯಸ್ಸು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಹರಡಿರುವ ದಖ್ಖನ್ ಟ್ರ್ಯಾಪ್ ಶಿಲೆಗೆ ಸುಮಾರು 6.6 ಕೋಟಿ ವರ್ಷ ವಯಸ್ಸು. ಇಷ್ಟು ಎಳೆಯ ಬೆಟ್ಟ ಅಷ್ಟು ಹಳೆಯ ಕಲ್ಲನ್ನು ಹೆರುವುದು ಸಾಧ್ಯವಿಲ್ಲ. ಆದರೆ ಭೂಮಿಯ ಒಡಲಿನ ಯಾವ ಬಿಸಿತಾಣದಿಂದ ಅಂದು ದಖ್ಖನ್ನಿನ ಲಾವಾ ಉಕ್ಕಿತೋ, ಅದೇ ಬಿಸಿತಾಣ ಇಂದು ರಿಯೂನಿಯನ್ ದ್ವೀಪದ ಅಡಿಯಲ್ಲಿದೆ ಎಂಬುದು ಭೂವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪಿರುವ ವಿವರಣೆ.

ಧಾರವಾಡದಿಂದ ರಿಯೂನಿಯನ್ನಿಗೆ ನೈಋತ್ಯ ದಿಕ್ಕಿನಲ್ಲಿ ಸುಮಾರು ನಾಲ್ಕೂವರೆ ಸಾವಿರ ಕಿಲೋಮೀಟರ್ ದೂರ. ಇಷ್ಟು ದೂರ ಸರಿದದ್ದು ಬಿಸಿತಾಣವಲ್ಲ, ಭಾರತ. ಭೂಮಿಯ ಹೊರಚಿಪ್ಪಿನ ತಟ್ಟೆಗಳು ನಿರಂತರವಾಗಿ ಚಲಿಸುತ್ತವೆ. ಅವುಗಳ ಕೆಳಗಿರುವ ಬಿಸಿತಾಣಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಆ ಕಾಲದಲ್ಲಿ ಭಾರತವನ್ನು ಹೊತ್ತ ತಟ್ಟೆ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚಿನ ವೇಗದಲ್ಲಿ ಉತ್ತರಕ್ಕೆ ಸಾಗುತ್ತಿತ್ತು. ಬಿಸಿತಾಣದ ಮೇಲೆ ದಖ್ಖನ್ ಹಾದುಹೋದಾಗ ಲಾವಾ ಪದರ ಪದರವಾಗಿ ಹರಿದು ನೆಲವನ್ನು ಮುಚ್ಚಿತು. ಸವೆದು ಉಳಿದಿರುವುದೇ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಆಗುತ್ತದೆ. ಭಾರತ ಮುಂದಕ್ಕೆ ಸರಿದಂತೆ ಅದರ ಬೆನ್ನ ಹಿಂದೆ ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳ ಒಂದು ಸಾಲು ಮೂಡುತ್ತಾ ಬಂತು. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್ ದ್ವೀಪಗಳು ಕುಳಿತಿರುವುದು ಈ ಸಾಲಿನ ಮೇಲೆಯೇ. ಮೇಲೆ ನೋಡಿದರೆ ಹವಳದ ಸುಣ್ಣಕಲ್ಲು, ಕೆಳಗೆ ಕೊರೆದರೆ ಲಾವಾ.

ಇದು ಬರಿಯ ಊಹೆಯಲ್ಲ. 1987ರಲ್ಲಿ ಸಾಗರತಳ ಕೊರೆಯುವ ಅಂತರರಾಷ್ಟ್ರೀಯ ಯೋಜನೆಯ ಹಡಗೊಂದು ಈ ಸಾಲಿನುದ್ದಕ್ಕೂ ರಂಧ್ರಗಳನ್ನು ಕೊರೆದು ಶಿಲೆಯ ಮಾದರಿಗಳನ್ನು ಮೇಲೆತ್ತಿತು. ಮಾಲ್ದೀವ್ಸ್ ಬಳಿಯ ಲಾವಾಶಿಲೆಗೆ ಸುಮಾರು 5.7 ಕೋಟಿ ವರ್ಷ, ಚಾಗೋಸ್ ಬಳಿಯದಕ್ಕೆ ಸುಮಾರು 4.9 ಕೋಟಿ ವರ್ಷ, ಇನ್ನೂ ದಕ್ಷಿಣದ ನಜರೆತ್ ದಿಬ್ಬದ ಬಳಿಯದಕ್ಕೆ ಸುಮಾರು 3.3 ಕೋಟಿ ವರ್ಷ ವಯಸ್ಸೆಂದು ಗೊತ್ತಾಯಿತು. ಅದರಾಚೆ ಮಾರಿಷಸ್ಸಿನ ಹಳೆಯ ಲಾವಾಗಳಿಗೆ ಒಂದು ಕೋಟಿ ವರ್ಷವೂ ಆಗಿಲ್ಲ; ಕೊನೆಗೆ ಸಿಗುವುದು ರಿಯೂನಿಯನ್. ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಕಲ್ಲಿನ ವಯಸ್ಸು ಹೀಗೆ ಕ್ರಮವಾಗಿ ಇಳಿಯುತ್ತದೆ. ನಡುವೆ, ಎರಡು ತಟ್ಟೆಗಳು ಬೇರ್ಪಡುವ ಗಡಿಯಾದ ಹಿಂದೂ ಮಹಾಸಾಗರದ ನಡುದಿಣ್ಣೆ ಈ ಬಿಸಿತಾಣವನ್ನು ದಾಟಿದ್ದರಿಂದ ಸಾಲು ಎರಡಾಗಿ ತುಂಡಾಗಿ, ಒಂದು ತುಂಡು ಭಾರತದ ಕಡೆಗೂ ಇನ್ನೊಂದು ಆಫ್ರಿಕದ ಕಡೆಯ ತಟ್ಟೆಗೂ ಸೇರಿಹೋಗಿದೆ. ಬಿಸಿತಾಣಕ್ಕೆ ಶಾಖ ಎಷ್ಟು ಆಳದಿಂದ, ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಬಗ್ಗೆ ಮಾತ್ರ ಚರ್ಚೆ ನಿಂತಿಲ್ಲ. 2012–13ರಲ್ಲಿ ಫ್ರೆಂಚ್ ಮತ್ತು ಜರ್ಮನ್ ವಿಜ್ಞಾನಿಗಳು ದ್ವೀಪದ ಸುತ್ತಲಿನ ಸಮುದ್ರತಳದಲ್ಲಿ ಹತ್ತಾರು ಕಂಪನಮಾಪಕಗಳನ್ನು ಇರಿಸಿ ನಡೆಸಿದ ಅಧ್ಯಯನದಿಂದ ಅದು ನೆಟ್ಟಗೆ ನಿಂತ ಒಂದೇ ಕಂಬದಂತೆ ಇಲ್ಲ, ಓರೆಯಾಗಿ ಕವಲೊಡೆದು ಮೇಲೇರುತ್ತದೆ ಎಂಬ ಚಿತ್ರ ಮೂಡಿದೆ.

ಎರೆಮಣ್ಣಿನ ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು, ಏಕೆಂದರೆ ಈ ತಪ್ಪು ಪಠ್ಯಗಳಲ್ಲಿಯೂ ಭಾಷಣಗಳಲ್ಲಿಯೂ ಬಹಳ ಕಾಲದಿಂದ ಉಳಿದುಕೊಂಡಿದೆ. ದಖ್ಖನ್ ಟ್ರ್ಯಾಪಿನ ದಕ್ಷಿಣದ ಅಂಚು ಬೆಳಗಾವಿ ಜಿಲ್ಲೆಯಲ್ಲಿ ಮುಗಿಯುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ತಳಶಿಲೆ ಬಹುತೇಕ ಶಿಸ್ಟ್, ನೈಸ್, ಗ್ರಾನೈಟುಗಳು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಧಾರವಾಡದ ಹೆಸರಿನಲ್ಲಿಯೇ ಗುರುತಿಸಿದ, 250 ಕೋಟಿ ವರ್ಷಗಳಿಗೂ ಹಳೆಯದಾದ ಶಿಲಾಸಮೂಹವೂ ಇದರಲ್ಲಿ ಸೇರಿದೆ. ಸುಣ್ಣ ಮತ್ತು ಮೆಗ್ನೀಸಿಯಂ ಸಾಕಷ್ಟಿರುವ ಯಾವ ಶಿಲೆಯಾದರೂ, ಮಳೆ ಕಡಿಮೆಯಿದ್ದು ನೀರು ಬೇಗ ಬಸಿದುಹೋಗದ ಸಪಾಟು ನೆಲದಲ್ಲಿ, ಬೇಸಿಗೆಯಲ್ಲಿ ಬಿರುಕುಬಿಡುವ ಜಿಗುಟು ಎರೆಮಣ್ಣಾಗಬಲ್ಲದು. ನವಲಗುಂದದ ಎರೆಹೊಲವನ್ನು ನೋಡಿ ಇಲ್ಲಿ ಲಾವಾ ಹರಿದಿತ್ತೆಂದು ತೀರ್ಮಾನಿಸುವುದು ಆದ್ದರಿಂದ ಸರಿಯಲ್ಲ. ಮಕ್ಕಳಿಗೆ ದಖ್ಖನ್ನಿನ ಲಾವಾಶಿಲೆಯನ್ನೇ ತೋರಿಸಬೇಕಾದರೆ ಬೆಳಗಾವಿಯ ಸುತ್ತಮುತ್ತಲಿನ ಕಲ್ಲುಕ್ವಾರಿಗಳು ಹತ್ತಿರವಾಗುತ್ತವೆ. ವಿಜಯಪುರದ ಗೋಲಗುಮ್ಮಟ ಕಟ್ಟಿರುವುದೂ ಆ ಬೂದುಗಪ್ಪು ಕಲ್ಲಿನಿಂದಲೇ. ಗದಗಿನ ಕಪ್ಪತಗುಡ್ಡದಲ್ಲಿಯೂ ಲಾವಾದಿಂದಾದ ಶಿಲೆಯಿದೆ. ಆದರೆ ಅದು ದಖ್ಖನ್ನಿಗೂ ರಿಯೂನಿಯನ್ನಿಗೂ ಸಂಬಂಧಿಸದ, ಅವೆರಡಕ್ಕಿಂತ ಎಷ್ಟೋ ಪಟ್ಟು ಪುರಾತನವಾದ ಬೇರೊಂದು ಲೋಕದ ಲಾವಾ.

ಈಗ ಬೆಟ್ಟದ ವಿಷಯಕ್ಕೆ ಬರೋಣ. ಪಿಟೋನ್ ದೆ ನೇಜ್ ಸಮುದ್ರಮಟ್ಟದಿಂದ 3,070 ಮೀಟರ್ ಎತ್ತರವಿದ್ದು, ಹಿಂದೂ ಮಹಾಸಾಗರದ ದ್ವೀಪಗಳಲ್ಲೆಲ್ಲ ಅತ್ಯುನ್ನತ ಶಿಖರವಾಗಿದೆ. ಸುತ್ತಲಿನ ಸಮುದ್ರ ಸುಮಾರು 4,000 ಮೀಟರ್ ಆಳವಿರುವುದರಿಂದ ತಳದಿಂದ ಅಳೆದರೆ ಅದರ ಎತ್ತರ 7,000 ಮೀಟರ್ ಆಗುತ್ತದೆ. ನಕ್ಷೆಯಲ್ಲಿ ಕಾಣುವ 2,512 ಚದರ ಕಿಲೋಮೀಟರಿನ ದ್ವೀಪ, ತಳದಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ಅಗಲವಿರುವ ಒಂದು ಮಹಾಪರ್ವತದ ನೆತ್ತಿ ಮಾತ್ರ. ದ್ವೀಪದ ಮೂರನೆಯ ಎರಡರಷ್ಟು ಭಾಗ ಪಿಟೋನ್ ದೆ ನೇಜ್‌ನದು. ಆಗ್ನೇಯಕ್ಕಿರುವ ಉಳಿದ ಭಾಗ 2,632 ಮೀಟರ್ ಎತ್ತರದ ಪಿಟೋನ್ ದ ಲಾ ಫುರ್ನೇಜ್ ಎಂಬ ಜೀವಂತ ಜ್ವಾಲಾಮುಖಿಯದು. ಇದು ಬಹುತೇಕ ಪ್ರತಿವರ್ಷವೂ ಉಕ್ಕುತ್ತದೆ. 1977ರಲ್ಲಿ ಇದರ ಲಾವಾ ಪಿಟೋನ್ ಸೇಂತ್ ರೋಜ್ ಎಂಬ ಊರಿಗೆ ನುಗ್ಗಿ ಚರ್ಚಿನ ಬಾಗಿಲಲ್ಲಿ ನಿಂತಿತು. ಆ ಘಟನೆಯ ಬೆನ್ನಿಗೇ 1979ರಲ್ಲಿ ಅಲ್ಲಿ ಜ್ವಾಲಾಮುಖಿ ವೀಕ್ಷಣಾಲಯ ಸ್ಥಾಪನೆಯಾಯಿತು. 2007ರ ಏಪ್ರಿಲ್‌ನಲ್ಲಿ ಒಡಲೊಳಗಿನ ಶಿಲಾಪಾಕ (ಕರಗಿದ ಶಿಲೆ) ಹೊರಗೆ ಹರಿದು ಖಾಲಿಯಾದಾಗ ಅದರ ಶಿಖರದ ಕುಳಿಯ ತಳ 300 ಮೀಟರಿಗೂ ಹೆಚ್ಚು ಕುಸಿದುಹೋಯಿತು.

ಒಂದು ಉಕ್ಕುತ್ತಿರುವಾಗ ಇನ್ನೊಂದು ಏಕೆ ಸುಮ್ಮನಿದೆ ಎಂಬ ಪ್ರಶ್ನೆಗೆ, ತಟ್ಟೆ ಸರಿದು ಹಳೆಯ ಬೆಟ್ಟ ಬಿಸಿತಾಣದಿಂದ ದೂರವಾಯಿತು ಎಂಬ ಉತ್ತರವನ್ನೇ ಸಾಮಾನ್ಯವಾಗಿ ಕೊಡುತ್ತಾರೆ. ನನಗೆ ಅದು ಪೂರ್ತಿ ಸಮಾಧಾನ ಕೊಡುವುದಿಲ್ಲ. ಎರಡು ಶಿಖರಗಳ ನಡುವಿನ ಅಂತರ ಮೂವತ್ತು ಕಿಲೋಮೀಟರಿನ ಆಸುಪಾಸು. ಆಫ್ರಿಕದ ಕಡೆಯ ತಟ್ಟೆ ಬಹಳ ನಿಧಾನವಾಗಿ ಚಲಿಸುವಂಥದು. ಮೇಲಾಗಿ ಸುಮಾರು ಐದು ಲಕ್ಷ ವರ್ಷಗಳ ಹಿಂದೆ ಫುರ್ನೇಜ್ ಹುಟ್ಟಿದ ನಂತರವೂ ಎರಡೂ ಜ್ವಾಲಾಮುಖಿಗಳು ಲಕ್ಷಾಂತರ ವರ್ಷ ಒಟ್ಟೊಟ್ಟಿಗೆ ಬದುಕಿದ್ದವು. ಆಳದಿಂದ ಮೇಲೆ ಬರುವ ಶಿಲಾಪಾಕ ಹೊಸ ದಾರಿಯನ್ನು ಹಿಡಿದು, ಹಳೆಯ ಬೆಟ್ಟಕ್ಕೆ ಸಿಗುವ ಪೂರೈಕೆ ಕ್ರಮೇಣ ಕಡಿಮೆಯಾಯಿತು ಎನ್ನುವುದು ಸಾಕ್ಷ್ಯಗಳಿಗೆ ಹೆಚ್ಚು ಹೊಂದುತ್ತದೆ. ಆ ಸಾಕ್ಷ್ಯ ಕಲ್ಲಿನಲ್ಲಿಯೇ ಇದೆ. ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದಿನವರೆಗೆ ಪಿಟೋನ್ ದೆ ನೇಜ್ ಉಗುಳಿದ್ದು ಸರಾಗವಾಗಿ ಹರಿಯುವ ಬಸಾಲ್ಟ್ ಲಾವಾ. ಆಮೇಲೆ ಹೊಸ ಪೂರೈಕೆ ಕುಗ್ಗಿದ್ದರಿಂದ ಶಿಲಾಪಾಕ ಒಳಗೇ ಬಹುಕಾಲ ಉಳಿದು, ತಣಿಯುತ್ತಾ, ಭಾರದ ಹರಳುಗಳನ್ನು ಕೆಳಗೆ ಬಿಟ್ಟು, ಸಿಲಿಕಾ ಹೆಚ್ಚಿದ ದ್ರವವಾಗಿ ಮಾರ್ಪಟ್ಟಿತು. ಗಾಣದಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂದಂತೆ ಅದು ಗಟ್ಟಿಯಾಗಿ, ಅನಿಲ ಸುಲಭವಾಗಿ ಹೊರಬರಲಾರದೆ, ಹರಿಯುವುದರ ಬದಲು ಸಿಡಿಯುವ ಸ್ವಭಾವವನ್ನು ಪಡೆಯಿತು. ಈ ಕೊನೆಯ ಘಟ್ಟದ ಬೂದಿ ಮತ್ತು ಹಗುರಗಲ್ಲಿನ ಪದರಗಳು ಬೆಟ್ಟದ ಇಳಿಜಾರುಗಳಲ್ಲಿ ಈಗಲೂ ಕಾಣಸಿಗುತ್ತವೆ. ಕೊನೆಯ ಬಾರಿ ಅದು ಉಕ್ಕಿ ಕನಿಷ್ಠ 12,000 ವರ್ಷಗಳು ಕಳೆದಿವೆ.

ಹಾಗಾದರೆ ಮತ್ತೆ ಸಿಡಿಯುವುದೇ? ಸದ್ಯಕ್ಕೆ ಅಂಥ ಸೂಚನೆ ಯಾವುದೂ ಇಲ್ಲ. ಆದರೆ ಅದನ್ನು ಸತ್ತ ಜ್ವಾಲಾಮುಖಿ ಎಂದು ಬರೆದುಹಾಕಲು ಭೂವಿಜ್ಞಾನಿಗಳು ಒಪ್ಪುವುದಿಲ್ಲ, ಮತ್ತು ಅದಕ್ಕೆ ಕಾರಣಗಳಿವೆ. ಸಿಲಾವೋಸ್ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳಿದ್ದು ಜನ ಹತ್ತೊಂಬತ್ತನೆಯ ಶತಮಾನದಿಂದಲೂ ಆರೋಗ್ಯಕ್ಕೆಂದು ಅಲ್ಲಿ ಮೀಯುತ್ತಾ ಬಂದಿದ್ದಾರೆ. ಆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದೆ. ಬೆಟ್ಟದ ಅಡಿಯಲ್ಲಿ ಆಗಾಗ ಸಣ್ಣ ಕಂಪನಗಳು ದಾಖಲಾಗುತ್ತವೆ. ಇವು ಸ್ಫೋಟದ ಮುನ್ಸೂಚನೆಗಳಲ್ಲ. ಒಡಲು ಇನ್ನೂ ಪೂರ್ತಿ ತಣಿದಿಲ್ಲ ಎಂಬುದಕ್ಕೆ ಗುರುತುಗಳು. ಹಿಂದೆಯೂ ಈ ಬೆಟ್ಟ ಸಾವಿರಾರು ವರ್ಷ ಸುಮ್ಮನಿದ್ದು ಮತ್ತೆ ಎದ್ದದ್ದುಂಟು. ಎಂದಾದರೂ ಶಿಲಾಪಾಕ ಮೇಲೇರಲು ತೊಡಗಿದರೆ ಕಂಪನಗಳು ಹೆಚ್ಚಿ, ನೆಲ ಉಬ್ಬಿ, ವೀಕ್ಷಣಾಲಯದ ಉಪಕರಣಗಳಿಗೆ ಮೊದಲೇ ತಿಳಿಯುತ್ತದೆ. ನಮ್ಮ ನಾಡಿಗೆ ಅದರಿಂದ ಅಪಾಯವಿದೆಯೇ ಎಂದು ಮಕ್ಕಳು ಕೇಳಿದರೆ, ಇಲ್ಲವೆಂದು ಧೈರ್ಯವಾಗಿ ಹೇಳಬಹುದು.

ಈ ಬೆಟ್ಟದ ಕುರಿತು ಯೋಚಿಸುವವರು ಬೆಂಕಿಯನ್ನೇ ಹೆಚ್ಚು ನೆನೆಯುತ್ತಾರೆ. ಅಲ್ಲಿ ಈಗ ನಿಜವಾಗಿ ಕೆಲಸ ಮಾಡುತ್ತಿರುವುದು ನೀರು. ಲಾವಾ ಹೊಸದಾಗಿ ಹರಿದು ಗಾಯ ಮುಚ್ಚುವುದು ನಿಂತ ದಿನದಿಂದ ಮಳೆ ಈ ಬೆಟ್ಟವನ್ನು ಕಡೆಯುತ್ತಿದೆ, ಮತ್ತು ಮಳೆಯೆಂದರೆ ಅಲ್ಲಿಯದು ಮಳೆ! ಆಗ್ನೇಯದಿಂದ ವರ್ಷವಿಡೀ ಬೀಸುವ ವಾಣಿಜ್ಯ ಮಾರುತಗಳು ತೇವವನ್ನು ಹೊತ್ತು ತಂದು ಪೂರ್ವದ ಇಳಿಜಾರಿಗೆ ಬಡಿಯುತ್ತವೆ. ತಕಮಕ ಎಂಬ ಕಣಿವೆಯಲ್ಲಿ ವರ್ಷಕ್ಕೆ ಸುಮಾರು ಏಳು ಮೀಟರ್ ಮಳೆಯಾಗುತ್ತದೆ, ಅಷ್ಟೇನೂ ದೂರವಿಲ್ಲದ ಪಶ್ಚಿಮ ಕರಾವಳಿಯಲ್ಲಿ ಒಂದು ಮೀಟರ್ ಕೂಡ ಇಲ್ಲ. ಲೋಂಡಾದ ಮಳೆಯನ್ನೂ ನವಲಗುಂದದ ಮಳೆಯನ್ನೂ ಬಲ್ಲವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತಗಳ ಹೊಡೆತ. 1966ರ ಜನವರಿಯಲ್ಲಿ ಡೆನಿಸ್ ಚಂಡಮಾರುತ ಬಂದಾಗ ಫುರ್ನೇಜ್ ಕಡೆಯ ಫೋಕ್ ಫೋಕ್ ಎಂಬಲ್ಲಿ 24 ಗಂಟೆಗಳಲ್ಲಿ 1,825 ಮಿಲಿಮೀಟರ್ ಮಳೆ ಸುರಿಯಿತು. 2007ರ ಫೆಬ್ರುವರಿಯಲ್ಲಿ ಗಮೇಡ್ ಚಂಡಮಾರುತ ಅದೇ ಎತ್ತರದ ಪ್ರದೇಶದ ಕಮರ್ಸನ್ ಕುಳಿಯ ಬಳಿ 72 ಗಂಟೆಗಳಲ್ಲಿ 3,929 ಮಿಲಿಮೀಟರ್ ಸುರಿಸಿತು. ಇವೆರಡೂ ಜಾಗತಿಕ ದಾಖಲೆಗಳು. ಧಾರವಾಡಕ್ಕೆ ಇಡೀ ವರ್ಷದಲ್ಲಿ ಬೀಳುವುದು 800 ಮಿಲಿಮೀಟರಿನ ಆಸುಪಾಸು ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಿ ನೋಡಿರಿ.

ಇಂಥ ಮಳೆಯ ಫಲವಾಗಿ ಶಿಖರದ ಸುತ್ತ ಮೂರು ದೈತ್ಯ ಕೊಳ್ಳಗಳು ಮೂಡಿವೆ: ದಕ್ಷಿಣಕ್ಕೆ ಸಿಲಾವೋಸ್, ಈಶಾನ್ಯಕ್ಕೆ ಸಲಾಜಿ, ವಾಯವ್ಯಕ್ಕೆ ಮಫಾತ್. ಕೆಲವು ಕಡೆ ಇವುಗಳ ಗೋಡೆಗಳು ಸಾವಿರ ಮೀಟರಿನಷ್ಟು ಕಡಿದಾಗಿ ನಿಂತಿವೆ. ಒಂದು ಕಾಲದಲ್ಲಿ ಇವುಗಳನ್ನು ಜ್ವಾಲಾಮುಖಿಯ ಕುಸಿದ ಕುಳಿಗಳೆಂದು ಭಾವಿಸಿದ್ದರು. ಕುಸಿತಗಳ ಪಾತ್ರ ಇಲ್ಲವೆನ್ನಲಾಗದಿದ್ದರೂ ಇಂದಿನ ರೂಪವನ್ನು ಕೊಟ್ಟದ್ದು ಮುಖ್ಯವಾಗಿ ನದಿ ಮತ್ತು ಭೂಕುಸಿತಗಳೆಂದು ಈಗ ತಿಳಿಯಲಾಗಿದೆ. ಬೆಟ್ಟ ಇಷ್ಟು ಸುಲಭವಾಗಿ ಬಿಟ್ಟುಕೊಡಲು ಇನ್ನೊಂದು ಕಾರಣ ಅದರ ಒಳಗೇ ಇದೆ. ಬಿಸಿನೀರು ಸಾವಿರಾರು ವರ್ಷ ಬಿರುಕುಗಳಲ್ಲಿ ಹರಿದಾಡಿದ್ದರಿಂದ ಹಳೆಯ ಲಾವಾದ ಖನಿಜಗಳು ಜೇಡಿ ಮತ್ತು ಜಿಯೋಲೈಟುಗಳಾಗಿ ಮಾರ್ಪಟ್ಟು, ಹೊರಗೆ ಗಟ್ಟಿಯಾಗಿ ಕಾಣುವ ಬೆಟ್ಟದ ತಿರುಳು ಮೆತ್ತಗಾಗಿದೆ. 1875ರ ನವೆಂಬರಿನಲ್ಲಿ ಸಲಾಜಿ ಕೊಳ್ಳದ ಗ್ರಾಂ ಸಾಬ್ಲ್ ಎಂಬ ಹಳ್ಳಿಯ ಮೇಲೆ ಬೆಟ್ಟದ ಪಾರ್ಶ್ವವೇ ಕುಸಿದು ಅರವತ್ತಕ್ಕೂ ಹೆಚ್ಚು ಜನ ಮಣ್ಣುಪಾಲಾದರು. ಅದೇ ಕೊಳ್ಳದ ಗ್ರಾಂತ್ ಇಲೆ ಎಂಬ ಊರಿನ ನೆಲ ಇಂದಿಗೂ ನಿಧಾನವಾಗಿ ಜಾರುತ್ತಿದ್ದು, ಅಲ್ಲಿ ಮನೆ ಕಟ್ಟಿಕೊಂಡವರು ಗೋಡೆಯ ಬಿರುಕುಗಳೊಂದಿಗೆ ಬದುಕುತ್ತಿದ್ದಾರೆ. ಸುಪ್ತ ಜ್ವಾಲಾಮುಖಿ ನಿರಪಾಯಕಾರಿ ಎಂಬ ಭಾವನೆ ನಮ್ಮಲ್ಲಿ ಇದ್ದರೆ ಈ ಕೊಳ್ಳಗಳ ಇತಿಹಾಸ ಅದನ್ನು ತಿದ್ದುತ್ತದೆ: ಈ ಬೆಟ್ಟದಲ್ಲಿ ಮನುಷ್ಯರ ಜೀವ ತೆಗೆದಿರುವುದು ಲಾವಾ ಅಲ್ಲ, ಇಳಿಜಾರು ಮತ್ತು ನೀರು.

ಕೊರೆದ ಕಲ್ಲುಮಣ್ಣು ಎಲ್ಲಿಗೆ ಹೋಯಿತು ಎಂದು ಕೇಳಬೇಕಾದದ್ದೇ. ಮಫಾತ್‌ನಿಂದ ಇಳಿಯುವ ಗಾಲೆ ನದಿ ಹೊತ್ತುತಂದ ಗುಂಡುಕಲ್ಲುಗಳ ದಿಬ್ಬದ ಮೇಲೆಯೇ ದ್ವೀಪದ ಮುಖ್ಯ ಬಂದರಾದ ಲ ಪೋರ್ ಪಟ್ಟಣ ನಿಂತಿದೆ. ಉಳಿದದ್ದು ಸಮುದ್ರದ ಪಾಲು. ದ್ವೀಪದ ಸುತ್ತ ಸಾಗರತಳದಲ್ಲಿ ಪುರಾತನ ಮಹಾಕುಸಿತಗಳ ಅವಶೇಷಗಳೂ ಹರಡಿಕೊಂಡಿವೆ. ಮಫಾತ್ ಕೊಳ್ಳಕ್ಕೆ ಇಂದಿಗೂ ರಸ್ತೆಯಿಲ್ಲ, ಅಲ್ಲಿಯ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲೋ ಹೆಲಿಕಾಪ್ಟರಿನಲ್ಲೋ ಹೋಗಬೇಕು. ಸಿಲಾವೋಸ್‌ನ ಜನ ಕಡಿದಾದ ಇಳಿಜಾರಿನ ಮೆಟ್ಟಿಲುಗದ್ದೆಗಳಲ್ಲಿ ಬೆಳೆಯುವ ಚನ್ನಂಗಿ ಬೇಳೆ ದ್ವೀಪದಾದ್ಯಂತ ಹೆಸರುವಾಸಿ. ಪೂರ್ವದಲ್ಲಿ ಹೆಚ್ಚಾದ ನೀರನ್ನು ಒಣ ಪಶ್ಚಿಮಕ್ಕೆ ತಿರುಗಿಸಲು ಸಲಾಜಿ ಮತ್ತು ಮಫಾತ್ ಕೊಳ್ಳಗಳಿಂದ ಬೆಟ್ಟದೊಳಗೆ ಸುರಂಗ ಕೊರೆದು ಕಾಲುವೆ ಒಯ್ದಿದ್ದಾರೆ. ಆ ಕೆಲಸಕ್ಕೆ ದಶಕಗಳೇ ಹಿಡಿದವು, ಸುರಂಗದಲ್ಲಿ ಒಳನೀರು ನುಗ್ಗಿ ಕೊರೆಯುವವರನ್ನು ಬಹಳ ಕಾಡಿತು. ಕಳಸಾ ಬಂಡೂರಿಯ ನೀರಿಗಾಗಿ ಇಷ್ಟು ವರ್ಷ ಹೋರಾಡಿದ ತಮ್ಮ ಊರಿನವರಿಗೆ ಈ ವಿಷಯದಲ್ಲಿ ಆಸಕ್ತಿ ಇರಬಹುದೆಂದು ಹೇಳಿದೆ.

ಕಾಡಿನ ಬಗ್ಗೆ ತಾವು ಅನುಮಾನದಿಂದ ಕೇಳಿದ್ದೀರಿ. ಜ್ವಾಲಾಮುಖಿಯ ಬೆಟ್ಟ ಬೋಳಾಗಿಯೇ ಇರಬೇಕೆಂದಿಲ್ಲ. ಮಳೆಯಿದ್ದಲ್ಲಿ ಲಾವಾ ಬೇಗ ಮಣ್ಣಾಗುತ್ತದೆ, ಪಿಟೋನ್ ದೆ ನೇಜ್‌ನಲ್ಲಿ ಅದಕ್ಕೆ ಬೇಕಾದಷ್ಟು ಕಾಲವೂ ಸಿಕ್ಕಿದೆ. ಶಿಖರದ ಪೂರ್ವಕ್ಕಿರುವ ಬೆಬೂರ್ ಮತ್ತು ಬೆಲೂವ್ ಕಾಡುಗಳು ಸದಾ ಮೋಡದಲ್ಲಿ ಮುಳುಗಿರುತ್ತವೆ. ಮರಗಳ ಕಾಂಡವೆಲ್ಲ ಪಾಚಿ, ಸೀತಾಳೆ, ಜರೀಗಿಡಗಳಿಂದ ಮುಚ್ಚಿಹೋಗಿರುತ್ತದೆ, ಮರದೆತ್ತರದ ಜರೀಗಿಡಗಳೂ ಅಲ್ಲಿವೆ. ಸುಮಾರು 2,000 ಮೀಟರ್ ದಾಟಿದ ಮೇಲೆ ಮರಗಳು ಕುಳ್ಳಾಗಿ, ಎರಿಕಾ ಜಾತಿಯ ಗಿಡ್ಡ ಪೊದೆಗಳು ಬೆಟ್ಟವನ್ನು ಹೊದೆಯುತ್ತವೆ. ನೆತ್ತಿಯಲ್ಲಿ ಬರಿಯ ಕಲ್ಲು, ಚಳಿಗಾಲದ ರಾತ್ರಿಗಳಲ್ಲಿ ಹೆಪ್ಪುಗಟ್ಟಿದ ಇಬ್ಬನಿ, ಬಹಳ ಅಪರೂಪಕ್ಕೆ ಹಿಮ. ಈ ಎತ್ತರದ ಕಾಡುಗಳ ಒಂದು ಮರದ ಕಥೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಸ್ಥಳೀಯರು ತಮರೆಂ ದೆ ಓ ಎಂದು ಕರೆಯುವ ಅದು ನಮ್ಮ ಜಾಲಿಯ ದೂರದ ಬಂಧು. ಹವಾಯಿ ದ್ವೀಪಗಳ ಕೋವಾ ಮರವನ್ನು ಅದು ಎಷ್ಟೊಂದು ಹೋಲುತ್ತದೆಂದರೆ ಸಸ್ಯವಿಜ್ಞಾನಿಗಳಿಗೆ ಇದು ಬಹುಕಾಲ ಒಗಟಾಗಿತ್ತು. 2014ರಲ್ಲಿ ಪ್ರಕಟವಾದ ತಳಿ ಅಧ್ಯಯನವೊಂದು, ರಿಯೂನಿಯನ್ನಿನ ಮರ ಕೋವಾದ ವಂಶದಿಂದಲೇ ಕವಲೊಡೆದದ್ದೆಂದು ತೋರಿಸಿಕೊಟ್ಟಿತು. ಎರಡು ದ್ವೀಪಗಳ ನಡುವೆ ಸುಮಾರು 18,000 ಕಿಲೋಮೀಟರ್ ಅಂತರ. ಮನುಷ್ಯ ಈ ದ್ವೀಪಗಳಿಗೆ ಕಾಲಿಡುವುದಕ್ಕೆ ಲಕ್ಷಾಂತರ ವರ್ಷ ಮೊದಲೇ ಬೀಜ ಆ ದೂರವನ್ನು ದಾಟಿತ್ತು. ಬಹುಶಃ ಯಾವುದೋ ಕಡಲಹಕ್ಕಿಯ ಮೂಲಕ ಅದು ಬಂದಿರಬೇಕು.

ಕಡಲಹಕ್ಕಿಯೆಂದರೆ, ಬರಾವ್ ಪೆಟ್ರೆಲ್ ಎಂಬುದು ಈ ಬೆಟ್ಟಕ್ಕೆ ತೀರಾ ಆತ್ಮೀಯವಾದದ್ದು. ವಿಜ್ಞಾನಕ್ಕೆ ಅದು ಪರಿಚಯವಾದದ್ದು 1964ರಲ್ಲಿ. ಅದು ಮರಿ ಮಾಡುವ ತಾಣ ಸಿಕ್ಕಿದ್ದು 1990ರ ದಶಕದ ನಡುವಿನಲ್ಲಿ. ದಿನವಿಡೀ ಸಾಗರದ ಮೇಲೆ ಮೀನು ಹಿಡಿಯುವ ಈ ಹಕ್ಕಿ ಗೂಡಿಗೆಂದು ಪಿಟೋನ್ ದೆ ನೇಜ್‌ನ 2,000 ಮೀಟರಿಗೂ ಮೇಲಿನ ಕಡಿದಾದ ಗೋಡೆಗಳನ್ನು ಹತ್ತಿ ಪೊದೆಗಳ ಬುಡದಲ್ಲಿ ಬಿಲ ತೋಡುತ್ತದೆ. ಜಗತ್ತಿನಲ್ಲಿ ಬೇರೆಲ್ಲೂ ಅದರ ದೊಡ್ಡ ಸಂತಾನತಾಣವಿಲ್ಲ. ಏಪ್ರಿಲ್ ಸುಮಾರಿಗೆ ರೆಕ್ಕೆ ಬಲಿತ ಮರಿಗಳು ರಾತ್ರಿ ಹೊತ್ತು ಕಡಲಿಗೆ ಹೊರಟಾಗ ಕರಾವಳಿಯ ಪಟ್ಟಣಗಳ ದೀಪಗಳಿಗೆ ಮರುಳಾಗಿ ನೆಲಕ್ಕೆ ಬೀಳುತ್ತವೆ, ಬಿದ್ದವು ತಾವಾಗಿ ಮತ್ತೆ ಹಾರಲಾರವು. ಅದಕ್ಕಾಗಿ ಆ ದಿನಗಳಲ್ಲಿ ಊರುಗಳು ಬೀದಿದೀಪ, ಕ್ರೀಡಾಂಗಣದ ದೀಪಗಳನ್ನು ಆರಿಸುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಬಿದ್ದ ಮರಿಗಳನ್ನು ಜನರೇ ಹೆಕ್ಕಿ ಆರೈಕೆ ಕೇಂದ್ರಕ್ಕೆ ಮುಟ್ಟಿಸುತ್ತಾರೆ.

2007ರಲ್ಲಿ ದ್ವೀಪದ ಎತ್ತರದ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ಅದರ ಶಿಖರ, ಕೊಳ್ಳ, ಕಡಿಗೋಡೆಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ದ್ವೀಪದ ಸುಮಾರು ಶೇಕಡ 40ರಷ್ಟು ನೆಲಕ್ಕೆ ಹೀಗೆ ರಕ್ಷಣೆ ದೊರೆತಿದೆ. ಆದರೆ ಕಾನೂನಿನ ಗೆರೆ ಇಲಿಗೂ ಬೆಕ್ಕಿಗೂ ತಿಳಿಯುವುದಿಲ್ಲ. ಹಡಗುಗಳಲ್ಲಿ ಬಂದ ಇಲಿಗಳು, ಊರುಗಳಿಂದ ಕಾಡು ಸೇರಿದ ಬೆಕ್ಕುಗಳು ಶಿಖರದವರೆಗೂ ಹತ್ತಿವೆ. ಬೆಟ್ಟದ ಉತ್ತರದಂಚಿನ ರೋಶ್ ಎಕ್ರಿತ್ ಸುತ್ತಲಿನ ಹತ್ತಾರು ಚದರ ಕಿಲೋಮೀಟರ್ ಕಾಡಿನಲ್ಲಿ ಮಾತ್ರ ಬದುಕುಳಿದಿರುವ ತುಯಿತ್ ತುಯಿತ್ ಎಂಬ ಪುಟ್ಟ ಹಕ್ಕಿಯ ಕೆಲವೇ ಡಜನ್ ಜೋಡಿಗಳು ಉಳಿದಿವೆ. ಕಾವಿಗೆ ಕುಳಿತ ಹೆಣ್ಣುಗಳು ಇಲಿಗಳಿಗೆ ತುತ್ತಾಗುವುದರಿಂದ ಅಲ್ಲಿ ಜೊತೆ ಸಿಗದ ಗಂಡುಗಳೇ ಹೆಚ್ಚು. ಇಲಿ ನಿಯಂತ್ರಣ ನಡೆದ ಕಡೆ ಗೂಡುಗಳು ಹೆಚ್ಚು ಉಳಿಯುತ್ತವೆಂಬುದು ಖಚಿತವಾಗಿರುವುದರಿಂದ, ಉದ್ಯಾನದ ಸಿಬ್ಬಂದಿ ಮತ್ತು ಸ್ಥಳೀಯ ಪಕ್ಷಿಪ್ರೇಮಿಗಳು ಪ್ರತಿವರ್ಷ ಮರಿ ಮಾಡುವ ಕಾಲಕ್ಕೆ ಮುಂಚೆ ಆ ಮೋಡದ ಕಾಡಿಗೆ ಹತ್ತಿ ಈ ಕೆಲಸವನ್ನು ಮಾಡುತ್ತಿದ್ದಾರೆ.